ಕೌದಿ ಹೊಲಿಯುವ ಮನೆಗೊಂದು ಚಿತ್ತಾರದ ಪುಸ್ತಕ



ಭತ್ತದ ಒಟ್ಲು, ಕಬ್ಬಿನ ಕೂಳೆ, ರಾಗಿಯ ಸಾಲು, ಇಂಥ ಮಾತುಗಳನ್ನು ಆಡಬೇಕಾದ ಕೃಷಿ ಇಲಾಖೆಯವನು ಇವೊತ್ತು ಕೌದಿಯ ವಿಷಯ ಎತ್ತಿಕೊಂಡಿದ್ದಾನಲ್ಲ, ಇದೇನಪ್ಪಾ ಇದು ಎಂದು ನಿಮಗೆ ಅನ್ನಿಸಬಹುದು. ಬೇಸಾಯದ ಮನೆ ಎಂದರೆ ಬರೀ ಹೊಲಗದ್ದೆಯಲ್ಲ. ಹಟ್ಟಿಯ ದನ, ಹಿತ್ತಲ ಸೊಪ್ಪು, ಮನೆಯ ಹೆಣ್ಣುಮಕ್ಕಳ ಕೈಕೆಲಸ, ಇವೆಲ್ಲ ಸೇರಿದರೇ ಸಂಸಾರ ತೂಗುವುದು. ರಾಗಿ ಕಣ ಮುಗಿದ ಮೇಲೆ ಮುಂಗಾರಿನ ಮೊದಲ ಉಳುಮೆಯ ತನಕ ನಾಗಮಂಗಲದ ಬೆದ್ದಲು ಸೀಮೆಯಲ್ಲಿ ಕೈಗೆ ಬಿಡುವುಂಟು. ನಾಲೆ ನೀರು ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಕಡೆಯಲ್ಲೂ ನಾಟಿಗೂ ಕಳೆಗೂ ನಡುವೆ, ಮಧ್ಯಾಹ್ನದ ಬಿಸಿಲಿಳಿಯುವ ಹೊತ್ತಿನಲ್ಲಿ, ಒಂದೆರಡು ಗಂಟೆ ಸಿಕ್ಕುತ್ತದೆ. ಆ ಹೊತ್ತಿನಲ್ಲಿ ಹಳೆಯ ಸೀರೆ, ಪಂಚೆ, ಅಂಗಿಗಳನ್ನು ಕೂಡಿಸಿ ಕೌದಿ ಹೊಲಿಯುವ ಕೈಗಳು ನಮ್ಮಲ್ಲಿ ಇನ್ನೂ ಉಳಿದಿವೆ. ಅಂಥ ಮನೆಗಳಿಗೆ ಇವೊತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು: ಕತ್ತರಿ ಹಿಡಿಯುವ ಮುಂಚೆ ಪೆನ್ಸಿಲ್ ಹಿಡಿಯಿರಿ. ಕೌದಿಗೆಂದೇ ಒಂದು ಚಿತ್ತಾರದ ಪುಸ್ತಕ ಇಡಿ.

"ಏನ್ ಸಾರ್, ತ್ಯಾಪೆ ಹಾಕಕ್ಕೂ ಪುಸ್ತಕ ಬೇಕಾ? ನಮ್ಮವ್ವ, ನಮ್ಮಜ್ಜಿ ಎಲ್ಲಾ ಪುಸ್ತಕ ನೋಡ್ಕಂಡು ಹೊಲಿದ್ರಾ?" ಎಂದು ಒಂದು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಬ್ಬ ತಾಯಿ ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಅದಕ್ಕೆ ನಾನು ಕೇಳಿದ್ದಿಷ್ಟೇ: "ತಾಯಿ, ನಿಮ್ಮ ಮನೆಯಲ್ಲಿ ರಂಗೋಲಿ ಪುಸ್ತಕ ಇಲ್ಲವೇ?" ಎಲ್ಲರೂ ನಕ್ಕರು. ಯಾಕೆಂದರೆ ಆ ಪುಸ್ತಕವಿಲ್ಲದ ಮನೆ ಕಡಮೆ. ಹದಿನೈದು ಚುಕ್ಕಿಯಿಂದ ಒಂದರ ತನಕ, ಒಂಬತ್ತರಿಂದ ಐದಕ್ಕೆ ಮಧ್ಯ ಚುಕ್ಕಿ, ಇದು ನೇರ ಚುಕ್ಕಿ, ಇದು ಸಂಕ್ರಾಂತಿಗೆ, ಇದು ಅತ್ತೆ ಮನೆಯಲ್ಲಿ ಕಲಿತದ್ದು ಎಂದು ಬರೆದಿಟ್ಟ ಪುಸ್ತಕ ಮದುವೆಯಾಗಿ ಹೋಗುವ ಹುಡುಗಿಯ ಪೆಟ್ಟಿಗೆಯಲ್ಲೂ ಹೋಗುತ್ತದೆ. ಬೆಳಿಗ್ಗೆ ಬಿಟ್ಟು ಮಧ್ಯಾಹ್ನಕ್ಕೆ ಅಳಿಸಿಹೋಗುವ ರಂಗೋಲಿಗೆ ನಾವು ಪುಸ್ತಕ ಇಡುತ್ತೇವೆ. ನಲವತ್ತು ದಿವಸ ಕೂತು ಹೊಲಿದು, ಹತ್ತಾರು ವರ್ಷ ಹೊದೆಯುವ ಕೌದಿಗೆ ಇಡುವುದಿಲ್ಲ. ಇದು ಸರಿಯೇ? ನೀವೇ ಹೇಳಿ.

ಇತರ ಕೈಕೆಲಸದವರನ್ನು ನೋಡಿ. ನಾಗಮಂಗಲ ಹಿಂದಿನಿಂದಲೂ ಲೋಹದ ವಿಗ್ರಹಗಳಿಗೆ ಹೆಸರಾದ ಊರು. ಅಲ್ಲಿಯ ಶಿಲ್ಪಿ ಕಾದ ಲೋಹವನ್ನು ಒಮ್ಮೆಗೇ ಸುರಿಯುವುದಿಲ್ಲ. ಮೊದಲು ಮೇಣದಲ್ಲಿ ಮೂರ್ತಿ ಮಾಡುತ್ತಾನೆ, ತಿದ್ದುತ್ತಾನೆ, ಅದರ ಮೇಲೆ ಮಣ್ಣು ಮೆತ್ತಿ ಅಚ್ಚು ಮಾಡಿ, ಮೇಣ ಕರಗಿಸಿ, ಆಮೇಲೆ ಲೋಹ ಹೊಯ್ಯುತ್ತಾನೆ. ಮೇಣದಲ್ಲಿ ತಪ್ಪಿದರೆ ನಷ್ಟವಿಲ್ಲ, ಲೋಹದಲ್ಲಿ ತಪ್ಪಿದರೆ ಮನೆ ಹಾಳು. ಕೈಮಗ್ಗದ ನೇಕಾರರೂ ಹಾಗೆಯೇ. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲ ಸೀರೆ ನೇಯ್ಗೆಗೆ ಹೆಸರು ಪಡೆದದ್ದು ನಿಮಗೆ ಗೊತ್ತು. ಜಕಾರ್ಡ್ ಕಟ್ಟಿದ ಮಗ್ಗದಲ್ಲಿ ಹೂವು ತೆಗೆಯಬೇಕಾದರೆ ಮೊದಲು ಚೌಕುಳಿ ಕಾಗದದ ಮೇಲೆ ಅದನ್ನು ಬರೆದು, ಯಾವ ಎಳೆ ಮೇಲೇಳಬೇಕು ಎಂದು ಚೌಕ ಚೌಕವಾಗಿ ಎಣಿಸಿ, ಆಮೇಲೆ ರಟ್ಟಿಗೆ ತೂತು ಹೊಡೆಯುತ್ತಾರೆ. ನಮ್ಮ ಬೇಸಾಯವನ್ನೇ ತೆಗೆದುಕೊಳ್ಳಿ. ಭತ್ತವನ್ನು ನಾಟಿ ಗದ್ದೆಗೆ ತರುವ ಮುಂಚೆ ಒಟ್ಲು ಬಿಡುವುದಿಲ್ಲವೇ? ಪುಸ್ತಕವೆಂಬುದು ಒಟ್ಲು ಪಾತಿ. ಕೌದಿ ಎಂಬುದು ನಾಟಿ ಗದ್ದೆ. ಪಾತಿಯಲ್ಲಿ ಹತ್ತು ಸಸಿ ಕೆಟ್ಟರೂ ಚಿಂತೆಯಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತೇನೆ. ಪುಸ್ತಕವಿಲ್ಲದೆ ಒಳ್ಳೆಯ ಕೌದಿ ಆಗುವುದೇ ಇಲ್ಲ ಎಂದೇನೂ ಅಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡು ತಾಲ್ಲೂಕುಗಳಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರು. ಆ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಎಂಬ ಕೌದಿ ಈಗ ದೇಶವಿದೇಶಗಳಲ್ಲಿ ಹೆಸರಾಗಿದೆ. ಅವರು ಅಡಿಬಟ್ಟೆ ಹಾಸಿಕೊಂಡು, ಒಂದು ಅಂಚಿನಿಂದ ಶುರುಮಾಡಿ, ಸುತ್ತು ಸುತ್ತಾಗಿ ತುಂಡುಗಳನ್ನಿಟ್ಟು ಹೊಲಿಯುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ತ್ರಿಕೋನ ಇಡುತ್ತಾರೆ. ಅದಕ್ಕೆ ಅವರು 'ಫೂಲ', ಅಂದರೆ ಹೂವು, ಎನ್ನುತ್ತಾರೆ. ಆ ಕೌದಿಗಳ ಪ್ರದರ್ಶನ 2011ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ನಡೆಯಿತು. ಅದೇ ಅಮೆರಿಕದ ಅಲಬಾಮಾ ಪ್ರಾಂತ್ಯದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿಯ ಕರಿಯ ಜನಾಂಗದ ಹೆಣ್ಣುಮಕ್ಕಳು ಹತ್ತಿ ಬೆಳೆಯುವ ಮನೆತನದವರು. ಹೊಲದ ಕೆಲಸಕ್ಕೆ ತೊಟ್ಟು ಸವೆದ ಬಟ್ಟೆಯಿಂದಲೇ ಅವರು ಹೊಲಿದ ಕೌದಿಗಳು 2002ರಲ್ಲಿ ದೊಡ್ಡ ವಸ್ತುಸಂಗ್ರಹಾಲಯಗಳ ಗೋಡೆಗೇರಿದವು. 2006ರಲ್ಲಿ ಆ ದೇಶದ ಅಂಚೆ ಚೀಟಿಗಳ ಮೇಲೂ ಅಚ್ಚಾದವು. ಬೇಸಾಯದ ಮನೆಯ ತ್ಯಾಪೆ ಬಟ್ಟೆ ಎಂದರೆ ಕೀಳಲ್ಲ ಎಂಬುದಕ್ಕೆ ಇವೆರಡೂ ಸಾಕ್ಷಿ.

ಆ ಹೆಂಗಸರಲ್ಲಿ ಎಷ್ಟೋ ಮಂದಿ ಕಾಗದ ಮುಟ್ಟದೆ, ಬಟ್ಟೆಯನ್ನೇ ನೆಲದ ಮೇಲೆ ಹರಡಿಕೊಂಡು ಹೊಲಿದವರು. ಹಾಗಾದರೆ ನಮಗೇಕೆ ಪುಸ್ತಕ ಎನ್ನುವಿರಾ? ಅವರಲ್ಲಿ ಅವ್ವನ ಪಕ್ಕದಲ್ಲಿ ಮಗಳು, ಮಗಳ ಪಕ್ಕದಲ್ಲಿ ಮೊಮ್ಮಗಳು ಕೂತು ನೋಡುತ್ತ ಕಲಿಯುವ ಪದ್ಧತಿ ನಡೆದುಬಂದಿದೆ. ನಮ್ಮ ಕಡೆ ಅಂಗಡಿಯ ರಗ್ಗು ಬಂದ ಮೇಲೆ ಆ ಜೊತೆ ತಪ್ಪುತ್ತಿದೆ. ಹೊಲಿಯುವವರು ಅಜ್ಜಿ, ಮೊಮ್ಮಗಳು ಕಾಲೇಜಿಗೆ ಹೋಗಿದ್ದಾಳೆ. ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿ ನನಗೆ ಹೀಗೆಂದರು: "ಕಣ್ಣು ಮಂಜಾಗದೆ ಕಣಪ್ಪ. ಯಾವ ತುಂಡ್ ಎಲ್ಲಿಡಬೇಕು ಅಂತ ಕೈಗೆ ಗೊತ್ತು. ಕೈ ಬಿದ್ದೋದ್ರೆ ಅದೂ ಹೋಯ್ತು ಅನ್ಕೋ." ನೆರೆದಿದ್ದವರಲ್ಲಿ ಯಾರೂ ಮಾತಾಡಲಿಲ್ಲ. ಅವರ ಸೊಸೆ ಮಾತ್ರ ಆ ಸಂಜೆಯೇ ಮಗನ ಲೆಕ್ಕದ ಪುಸ್ತಕ ತಂದು ಅತ್ತೆಯ ಮುಂದೆ ಕೂತರು. ಪುಸ್ತಕದ ಮೊದಲನೆಯ ಉಪಯೋಗ ಇದು: ಕೈಯಲ್ಲಿದ್ದದ್ದು ಕಾಗದಕ್ಕೆ ಬರುತ್ತದೆ, ಕೈ ಹೋದರೂ ಕಾಗದ ಉಳಿಯುತ್ತದೆ.

ಎರಡನೆಯ ಉಪಯೋಗ ಹಣದ್ದು. ಪಾಂಡವಪುರ ತಾಲ್ಲೂಕಿನಲ್ಲಿ ಒಬ್ಬ ತಾಯಿ ಹೊಲಿದ ಕೌದಿಯನ್ನು ಮೈಸೂರಿನಿಂದ ಬಂದವರೊಬ್ಬರು ಮೆಚ್ಚಿ ಕೊಂಡುಹೋದರು. ತಿಂಗಳ ಮೇಲೆ, "ಇದೇ ಥರ ಇನ್ನು ನಾಲ್ಕು ಬೇಕು" ಎಂದು ಹೇಳಿ ಕಳಿಸಿದರು. ಕೌದಿ ಹೋಗಿಯಾಗಿತ್ತು. ಅಳತೆ ಬರೆದಿರಲಿಲ್ಲ, ಬಣ್ಣದ ಜೋಡಿ ನೆನಪಿರಲಿಲ್ಲ. ನೆನಪಿನಿಂದಲೇ ನಾಲ್ಕು ಹೊಲಿದರು. ಎರಡು ಕೌದಿ ವಾಪಸು ಬಂದವು. ಎರಡು ಕೌದಿ ಎಂದರೆ ಎಷ್ಟು ದಿವಸದ ದುಡಿಮೆ ಎಂಬುದನ್ನು ಹೊಲಿಯುವವರೇ ಬಲ್ಲರು. ಒಂದು ಹಾಳೆಯಲ್ಲಿ ನಾಲ್ಕು ಗೆರೆ ಎಳೆದಿದ್ದರೆ ಆ ದುಡಿಮೆ ಉಳಿಯುತ್ತಿತ್ತು.

ಇನ್ನು ಪುಸ್ತಕ ಇಡುವುದು ಹೇಗೆ ಎಂಬುದಕ್ಕೆ ಬರೋಣ.

ಬೇಕಾದದ್ದು ಹೆಚ್ಚಿಲ್ಲ. ಗೆರೆಯಿಲ್ಲದ ಒಂದು ಡ್ರಾಯಿಂಗ್ ಪುಸ್ತಕ, ಚೌಕುಳಿ ಗೆರೆಯ ಒಂದು ಲೆಕ್ಕದ ಪುಸ್ತಕ, ಪೆನ್ಸಿಲ್, ರಬ್ಬರ್, ಸ್ಕೇಲ್, ಮಕ್ಕಳು ಬಿಟ್ಟ ಬಣ್ಣದ ಕಡ್ಡಿ, ಸ್ವಲ್ಪ ಅಂಟು. ಅದೂ ದುಬಾರಿ ಎನಿಸಿದರೆ ಮಕ್ಕಳ ಹಳೆಯ ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಕಿತ್ತು ದಬ್ಬಣದಲ್ಲಿ ಹೊಲಿದುಕೊಳ್ಳಿ. ಹಳೆಯ ಕ್ಯಾಲೆಂಡರಿನ ಬೆನ್ನೂ ಆದೀತು. ಬರೆಯಲು ಬಾರದು, ಚಿತ್ರ ಬಾರದು ಎಂದು ಹಿಂಜರಿಯಬೇಡಿ. ಚುಕ್ಕಿ ಇಟ್ಟು ಗೆರೆ ಸೇರಿಸಬಲ್ಲ ಕೈಗೆ ಇದು ಹೊಸದಲ್ಲ. ಅಕ್ಷರ ಬಾರದ ಅಜ್ಜಿ ಹೇಳಲಿ, ಶಾಲೆಗೆ ಹೋಗುವ ಮೊಮ್ಮಗಳು ಬರೆಯಲಿ. ಮನೆಯ ಯಜಮಾನರಿಗೂ ಒಂದು ವಿನಂತಿ: ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯಲು ಈ ಪುಸ್ತಕದ ಹಾಳೆ ಹರಿಯಬೇಡಿ!

ಪ್ರತಿ ಹಾಳೆಯಲ್ಲೂ ಐದು ಸಂಗತಿ ಇರಲಿ. ತಾರೀಖು, ಎಲ್ಲಿ ನೋಡಿದ್ದು, ಅದರ ಚಿತ್ರ, ಅದಕ್ಕೆ ಹೊಂದುವ ಬಟ್ಟೆಯ ಚೂರು, ಅಳತೆ. ಬಟ್ಟೆಯ ಚೂರು ಎಂದರೆ ಹೆಬ್ಬೆರಳಗಲದ್ದು ಸಾಕು. ಅದನ್ನು ಅಂಟಿಸಿ, ಪಕ್ಕದಲ್ಲಿ ಇದು ಯಾವ ಬಟ್ಟೆ, ಎಷ್ಟು ಉಳಿದಿದೆ ಎಂದು ಬರೆಯಿರಿ. "ಅಪ್ಪನ ಪಂಚೆ, ಎರಡು ಮೊಳ" ಎಂದಿದ್ದರೆ, ಆರು ತಿಂಗಳಾದ ಮೇಲೂ ಗಂಟು ಬಿಚ್ಚಿ ಹುಡುಕುವ ಕಷ್ಟವಿಲ್ಲ.

ಏನನ್ನು ಬರೆಯುವುದು? ಕಣ್ಣು ತೆರೆದರೆ ನಮ್ಮ ನಾಲ್ಕು ತಾಲ್ಲೂಕುಗಳೇ ಒಂದು ದೊಡ್ಡ ಚಿತ್ತಾರದ ಪುಸ್ತಕ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಇದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದವರೆಲ್ಲ ಹೊರಗೋಡೆಯ ಯುದ್ಧದ ಚಿತ್ರವನ್ನು ನೋಡಿ ಬರುತ್ತಾರೆ. ನೀವು ಒಳಗಿನ ಗೋಡೆ ಕಂಬಗಳ ಹೂಬಳ್ಳಿ ನೋಡಿ. ಒಂದು ಬಳ್ಳಿ ಹೇಗೆ ಬಳುಕಿ ಮತ್ತೆ ಮೊದಲಿನಂತೆಯೇ ಬರುತ್ತದೆ ಎಂಬುದನ್ನು ಗಮನಿಸಿದರೆ ಕೌದಿಯ ಅಂಚು ಸಿಕ್ಕಿತು. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಚಮಚದಂಥ ಕೊಕ್ಕಿನ ಹಕ್ಕಿ, ಬಣ್ಣದ ಕೊಕ್ಕರೆ ಇವುಗಳ ಹೊರಗೆರೆ ಎಷ್ಟು ಸುಲಭ ನೋಡಿ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ವೈರಮುಡಿಗೆ ಹೋದಾಗ ಕಲ್ಯಾಣಿಯ ಮೆಟ್ಟಿಲುಗಳನ್ನು ಮೇಲಿನಿಂದ ನೋಡಿ. ಚೌಕದೊಳಗೆ ಚೌಕ, ಅದರೊಳಗೆ ಮತ್ತೊಂದು ಚೌಕ, ಒಂದಕ್ಕೆ ಬಿಸಿಲು ಒಂದಕ್ಕೆ ನೆರಳು. ಉದ್ದುದ್ದ ಪಟ್ಟಿಗಳನ್ನು ಸುತ್ತ ಇಟ್ಟು ಹೊಲಿದರೆ ಅದೇ ಕಲ್ಯಾಣಿ ನಿಮ್ಮ ಹಾಸಿಗೆಯ ಮೇಲಿರುತ್ತದೆ.

ಕೃಷ್ಣರಾಜಪೇಟೆಗೆ ಹತ್ತಿರದ ಹೊಸಹೊಳಲಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಸ್ಥಾನ, ಹದಿಮೂರನೆಯ ಶತಮಾನದ್ದು. ಹೊರಗೋಡೆಯ ಬುಡದಲ್ಲಿ ಸಾಲು ಸಾಲಾಗಿ ಆನೆ, ಕುದುರೆ ಸವಾರ, ಬಳ್ಳಿ, ಮಕರ, ಹಂಸ. ಒಂದೊಂದು ಸಾಲೂ ಒಂದೊಂದು ಅಂಚು. ನಾಗಮಂಗಲ ಕಡೆ ಆದಿಚುಂಚನಗಿರಿಯ ನವಿಲು ಇದೆ. ಅಷ್ಟು ದೂರ ಹೋಗಲಾಗದಿದ್ದರೆ ನಿಮ್ಮ ಹೊಲವೇ ಸಾಕು. ಅಡ್ಡ ಕತ್ತರಿಸಿದ ಕಬ್ಬಿನ ಜಲ್ಲೆ, ಬಿಚ್ಚಿದ ರಾಗಿ ತೆನೆ, ರೇಷ್ಮೆ ಚಂದ್ರಿಕೆಯ ಸುತ್ತು, ಮಂಕರಿಯ ಹೆಣಿಗೆ, ಗುಡ್ಡದ ಮೇಲಿನಿಂದ ಕಾಣುವ ಗದ್ದೆ ಬದುಗಳು, ಇವೆಲ್ಲ ಚಿತ್ತಾರವೇ.

ಇಲ್ಲಿ ಎರಡು ಎಚ್ಚರಿಕೆ ಹೇಳಬೇಕು. ಹಳೆಯ ಗೋಡೆ ಚಿತ್ರಗಳ ಮೇಲೆ, ಶಿಲ್ಪಗಳ ಮೇಲೆ ಕಾಗದ ಒತ್ತಿ ಉಜ್ಜಬೇಡಿ, ಕೈಯಲ್ಲಿ ಸವರಬೇಡಿ. ದೂರ ನಿಂತು ನೋಡಿ ಬರೆಯಿರಿ. ಎರಡನೆಯದು, ಕೌದಿ ಎಂದರೆ ಕಾಲು ತಾಕುವ ವಸ್ತು, ಮೈಮೇಲೆ ಹೊದೆಯುವ ವಸ್ತು. ಆದಕಾರಣ ದೇವರ ಮೂರ್ತಿಗಳನ್ನು ಅದರ ಮೇಲೆ ತರಬೇಡಿ. ಹೂವು, ಬಳ್ಳಿ, ಹಕ್ಕಿ, ಆನೆ ಇವು ಯಾರ ಮನಸ್ಸನ್ನೂ ನೋಯಿಸುವುದಿಲ್ಲ.

ನೋಡಿದ್ದನ್ನೆಲ್ಲ ಪೂರ್ತಿ ಬರೆಯಹೊರಟರೆ ಕೈ ಸೋಲುತ್ತದೆ. ಅದಕ್ಕೊಂದು ಉಪಾಯವಿದೆ. ಒಂದು ರಟ್ಟಿನ ನಡುವೆ ಎರಡು ಅಂಗುಲದ ಚೌಕ ಕತ್ತರಿಸಿ ಕಿಟಕಿ ಮಾಡಿಕೊಳ್ಳಿ. ಅದನ್ನು ಕಣ್ಣಿನ ಮುಂದೆ ಹಿಡಿದು ನೋಡಿ. ಕಿಟಕಿಯೊಳಗೆ ಕಂಡದ್ದಷ್ಟನ್ನೇ ಬರೆಯಿರಿ. ಇಡೀ ಬಾಳೆಗಿಡ ಬೇಡ, ಎಲೆಯ ನರ ದಿಂಡಿಗೆ ಸೇರುವ ಜಾಗ ಸಾಕು. ಇಡೀ ಆನೆ ಬೇಡ, ಸೊಂಡಿಲು ಸುತ್ತಿದ ರೀತಿ ಸಾಕು. ಸಣ್ಣದನ್ನು ಹಿಡಿದರೆ ಬಟ್ಟೆಗೆ ಇಳಿಸುವುದು ಸುಲಭ.

ಬರೆದ ಮೇಲೆ ಅದನ್ನು ಹಾಗೇ ಬಿಡದೆ ಅದರೊಡನೆ ಆಟವಾಡಬೇಕು. ಅದೇ ರೂಪವನ್ನು ತಲೆಕೆಳಗು ಮಾಡಿ, ಎಡಬಲ ಮಾಡಿ, ದೊಡ್ಡದು ಮಾಡಿ, ಚಿಕ್ಕದು ಮಾಡಿ, ಪಕ್ಕಪಕ್ಕದಲ್ಲಿ ನಾಲ್ಕು ಸಲ ಬರೆಯಿರಿ. ಒಂದು ಉದಾಹರಣೆ ಕೊಡುತ್ತೇನೆ. ಚೌಕುಳಿ ಪುಸ್ತಕದಲ್ಲಿ ಒಂದು ಚೌಕ ತೆಗೆದುಕೊಂಡು ಮೂಲೆಯಿಂದ ಮೂಲೆಗೆ ಗೆರೆ ಎಳೆದು ಅರ್ಧಕ್ಕೆ ಮಾತ್ರ ಕಪ್ಪು ತುಂಬಿ. ಅಂಥ ನಾಲ್ಕು ಚೌಕಗಳನ್ನು ಎರಡೆರಡಾಗಿ ಜೋಡಿಸಿ. ಒಂದು ರೀತಿ ತಿರುಗಿಸಿದರೆ ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಗಾಳಿ ಗಿರಗಿಟ್ಲೆ ಆಗುತ್ತದೆ. ಇನ್ನೊಂದು ರೀತಿಗೆ ನಡುವೆ ವಜ್ರಾಕಾರ. ಮತ್ತೊಂದಕ್ಕೆ ಹಾವು ಹರಿದ ಹಾಗೆ ಅಂಕುಡೊಂಕು. ಒಂದೊಂದು ಚೌಕವನ್ನೂ ನಾಲ್ಕು ದಿಕ್ಕಿಗೆ ತಿರುಗಿಸಬಹುದು. ಅಂದರೆ ನಾಲ್ಕನ್ನು ನಾಲ್ಕು ಸಲ ಗುಣಿಸಿದರೆ 256 ಬಗೆಯ ಜೋಡಣೆ. ನಿಮ್ಮ ಮಕ್ಕಳ ಕೈಲಿ ಈ ಲೆಕ್ಕ ಮಾಡಿಸಿ ನೋಡಿ. ಒಂದೇ ಬಟ್ಟೆ ಚೂರಿನಲ್ಲಿ ಇಷ್ಟು ಅಡಗಿದೆ ಎಂಬುದು ಕಾಗದದ ಮೇಲೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಬಟ್ಟೆ ಕತ್ತರಿಸಿ ತಿಳಿಯಹೊರಟರೆ ಗಂಟಿನ ಬಟ್ಟೆ ಪೂರಾ ಹೋಗುತ್ತದೆ.

ಬಣ್ಣದ ವಿಷಯದಲ್ಲಿ ಒಂದು ಕಿವಿಮಾತು. ಮೊದಲು ಬಣ್ಣ ಹಚ್ಚಬೇಡಿ. ಪೆನ್ಸಿಲ್ಲಿನಲ್ಲೇ ಕಡು, ನಡು, ತಿಳಿ ಎಂದು ಮೂರು ಬಗೆ ತುಂಬಿ. ಆಮೇಲೆ ಗಂಟಿನ ಬಟ್ಟೆಗಳನ್ನು ನೆಲದ ಮೇಲೆ ಹರಡಿ, ಕಣ್ಣು ಅರ್ಧ ಮುಚ್ಚಿ ನೋಡಿ. ಆಗ ಕೆಂಪು ಹಸಿರು ಎಂಬುದು ಮಸುಕಾಗಿ ಯಾವುದು ಕಡು, ಯಾವುದು ತಿಳಿ ಎಂಬುದಷ್ಟೇ ಕಾಣುತ್ತದೆ. ಹಾಗೆ ಮೂರು ರಾಶಿ ಮಾಡಿ. ಕೆಂಪೂ ಹಸಿರೂ ಒಂದೇ ಕಡು ಆದರೆ ಪಕ್ಕಪಕ್ಕ ಇಟ್ಟಾಗ ಚಿತ್ತಾರ ಎದ್ದು ಕಾಣುವುದಿಲ್ಲ. ಮಾಸಿದ ಬಿಳಿ ಪಂಚೆಯ ಪಕ್ಕದಲ್ಲಿ ಹಳೆಯ ಕಡುನೀಲಿ ಲಂಗ ಇಟ್ಟರೆ ಗುಡಿಸಲ ದೀಪದ ಹಾಗೆ ಬೆಳಗುತ್ತದೆ.

ಬಟ್ಟೆಯ ಗುಣವನ್ನೂ ಪುಸ್ತಕದಲ್ಲಿ ಬರೆಯಿರಿ. ಬಣ್ಣ ಬಿಡುತ್ತದೆಯೇ ಎಂದು ನೋಡಲು ಚೂರನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಉಜ್ಜಿ. ಕಲೆ ಬಿದ್ದರೆ ಆ ಬಟ್ಟೆಯನ್ನು ತಿಳಿ ಬಣ್ಣದ ಪಕ್ಕದಲ್ಲಿ ಇಡಬೇಡಿ. ಹೊಸ ಹತ್ತಿ ಬಟ್ಟೆಯನ್ನು ಒಗೆದು ಒಣಗಿಸಿಯೇ ಕತ್ತರಿಸಿ. ಇಲ್ಲದಿದ್ದರೆ ಮೊದಲನೆಯ ಒಗೆತಕ್ಕೆ ಅದು ಕುಗ್ಗಿ, ಸುತ್ತಲಿನ ಹಳೆಯ ಬಟ್ಟೆಯನ್ನು ಎಳೆದು ಸುಕ್ಕು ಮಾಡುತ್ತದೆ. ಪಾಲಿಯೆಸ್ಟರ್ ಸೀರೆ ಗಟ್ಟಿ, ಆದರೆ ಬೆವರು ಹೀರುವುದಿಲ್ಲ. ಮಕ್ಕಳ ಕೌದಿಗೆ ಸವೆದ ಹತ್ತಿ ಬಟ್ಟೆಯೇ ಲೇಸು.

ಈಗ ಕಾಗದದಿಂದ ಬಟ್ಟೆಗೆ ಇಳಿಸುವ ಲೆಕ್ಕ. ಒಬ್ಬರು ಹೊದೆಯುವ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿ ಎಂದಿಟ್ಟುಕೊಳ್ಳಿ. ಪುಸ್ತಕದ ಒಂದು ಚೌಕ ಬಟ್ಟೆಯ ಅರ್ಧ ಅಡಿಗೆ ಸಮ ಎಂದು ಭಾವಿಸಿದರೆ, ಉದ್ದಕ್ಕೆ ಹನ್ನೆರಡು, ಅಗಲಕ್ಕೆ ಎಂಟು, ಒಟ್ಟು 96 ಚೌಕಗಳಲ್ಲಿ ಇಡೀ ಕೌದಿ ಅಂಗೈಯಗಲದ ಹಾಳೆಯ ಮೇಲೆ ಕೂರುತ್ತದೆ. ಕಡು ಎಷ್ಟು ಚೌಕ, ತಿಳಿ ಎಷ್ಟು ಚೌಕ ಎಂದು ಎಣಿಸಿ. ಬಟ್ಟೆ ಸಾಲುತ್ತದೋ ಇಲ್ಲವೋ ಮೊದಲೇ ಗೊತ್ತಾಗುತ್ತದೆ. ಸುತ್ತ ಅರ್ಧ ಅಂಗುಲ ಮಡಿಸಬೇಕಾದ್ದರಿಂದ ಆರು ಅಂಗುಲದ ಚೌಕಕ್ಕೆ ಏಳು ಅಂಗುಲ ಕತ್ತರಿಸಬೇಕು. ತ್ರಿಕೋನವಾದರೂ ಸುತ್ತ ಅರ್ಧ ಅಂಗುಲ ಬಿಟ್ಟೇ ಕತ್ತರಿಸಿ. ರಟ್ಟಿನಲ್ಲಿ ಒಂದು ಅಚ್ಚು ಮಾಡಿಕೊಂಡರೆ ಎಲ್ಲ ತುಂಡೂ ಒಂದೇ ಸಮ ಬರುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ಕೌದಿಯ ಮೇಲ್ಮೈ 3,456 ಚದರ ಅಂಗುಲ. ಏಳು ಅಂಗುಲದ 96 ತುಂಡುಗಳಿಗೆ ಬೇಕಾದ ಬಟ್ಟೆ 4,704 ಚದರ ಅಂಗುಲ. ಅಂದರೆ ಮೇಲ್ಮೈಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಟ್ಟೆ ಬರೀ ಮಡಿಕೆಗೇ ಹೋಯಿತು. ಅದೇ ಒಂದು ಅಡಿಯ ಚೌಕಗಳಾದರೆ ಇಪ್ಪತ್ನಾಲ್ಕೇ ತುಂಡು, ಹದಿಮೂರು ಅಂಗುಲದ್ದು, ಒಟ್ಟು 4,056 ಚದರ ಅಂಗುಲ ಸಾಕು. ತುಂಡು ಚಿಕ್ಕದಾದಷ್ಟೂ ಅಂದ ಹೆಚ್ಚು, ಖರ್ಚೂ ಹೆಚ್ಚು. ಬಟ್ಟೆ ಕಡಮೆಯಿದ್ದರೆ ನಡುವೆ ಚಿಕ್ಕ ತುಂಡು, ಸುತ್ತ ದೊಡ್ಡ ತುಂಡು ಇಡಿ. ಇದನ್ನೆಲ್ಲ ಕೂತಲ್ಲೇ ತೀರ್ಮಾನ ಮಾಡಲು ಪುಸ್ತಕವೇ ಬೇಕು.

ದಾರದ ಲೆಕ್ಕವನ್ನೂ ಮಾಡಿ ನೋಡೋಣ. ಅರ್ಧ ಅಂಗುಲಕ್ಕೊಂದು ಸಾಲು ಹೊಲಿಗೆ ಹಾಕಿದರೆ, ಆರು ಅಡಿ ಉದ್ದಕ್ಕೆ 144 ಸಾಲು. ಒಂದೊಂದು ಸಾಲೂ ನಾಲ್ಕು ಅಡಿ. ಒಟ್ಟು 576 ಅಡಿ. ಸೂಜಿ ಮೇಲೆ ಕೆಳಗೆ ಹೋಗುವುದಕ್ಕೂ ಗಂಟಿಗೂ ಎಂದು ಕಾಲು ಪಾಲು ಸೇರಿಸಿದರೆ 720 ಅಡಿ, ಅಂದರೆ ಸುಮಾರು 220 ಮೀಟರ್. ನಿಮ್ಮ ಕೈಗೆ ಹೆಚ್ಚು ಹಿಡಿಯುತ್ತದೋ ಕಡಮೆಯೋ, ಮೊದಲ ಕೌದಿಯಲ್ಲಿ ಬರೆದುಕೊಂಡರೆ ಎರಡನೆಯದಕ್ಕೆ ಅಂದಾಜು ಬೇಕಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತಿನ ಲೆಕ್ಕ. ಹಾಳೆಯ ಮೂಲೆಯಲ್ಲಿ ದಿನಕ್ಕೊಂದು ಗೆರೆ ಹಾಕಿ, ಎಷ್ಟು ಗಂಟೆ ಕೂತಿರಿ ಎಂದು ಗುರುತಿಸಿ. ದಿನಕ್ಕೆ ಎರಡು ಗಂಟೆಯಂತೆ ನಲವತ್ತು ದಿನ ಕೂತರೆ ಎಂಬತ್ತು ಗಂಟೆ. ಎಂಟು ಗಂಟೆಗೆ ಒಂದಾಳು ಎಂದರೆ ಅದು ಹತ್ತಾಳಿನ ಕೆಲಸ. ಗದ್ದೆಯಲ್ಲಿ ಹತ್ತಾಳು ಇಳಿದರೆ ನಾವು ಕೂಲಿ ಎಣಿಸಿ ಕೊಡುತ್ತೇವೆ. ಮನೆಯಲ್ಲಿ ಕೂತ ಹತ್ತಾಳಿಗೆ ಲೆಕ್ಕವೇ ಇಲ್ಲ! "ಹಳೇ ಬಟ್ಟೆ ತಾನೇ, ಇಷ್ಟು ತಗೊಳ್ಳಿ" ಎಂದು ಕೊಳ್ಳುವವರು ಹೇಳಿದರೆ ತಲೆ ತಗ್ಗಿಸಿ ಕೊಡಬೇಡಿ. ಪುಸ್ತಕ ತೆರೆದು ತೋರಿಸಿ. ಬಟ್ಟೆ ಹಳೆಯದು, ಕೈ ಹಳೆಯದಲ್ಲ. ಹತ್ತಾಳಿನ ಕೂಲಿ, ದಾರದ ಬೆಲೆ, ಅಡಿಬಟ್ಟೆಯ ಬೆಲೆ ಇಷ್ಟು ಎಂದು ಹೇಳಿ. ಆ ಬೆಲೆಗೆ ಗಿರಾಕಿ ಸಿಕ್ಕದಿದ್ದರೆ ಮಾರಬೇಕೋ, ಮಗಳ ಮದುವೆಗೆ ಇಟ್ಟುಕೊಳ್ಳಬೇಕೋ, ಇಲ್ಲ ಕಡಮೆ ಹೊತ್ತು ಹಿಡಿಯುವ ಚಿತ್ತಾರ ಆರಿಸಬೇಕೋ ನೀವೇ ತೀರ್ಮಾನಿಸಿ. ಯಾವುದನ್ನು ಮಾಡಿದರೂ ತಿಳಿದು ಮಾಡಿದಂತಾಗುತ್ತದೆ.

ಸರಿಬಾರದ ಚಿತ್ತಾರವನ್ನು ಅಳಿಸಬೇಡಿ, ಹಾಳೆ ಹರಿಯಬೇಡಿ. ಪಕ್ಕದಲ್ಲಿ ಯಾಕೆ ಸರಿಬರಲಿಲ್ಲ ಎಂದು ಎರಡು ಮಾತು ಬರೆಯಿರಿ. "ಕೆಂಪು ಹೆಚ್ಚಾಯಿತು", "ಮೂಲೆ ಕೂಡಲಿಲ್ಲ", "ಸಾಲು ಡೊಂಕು ಬಂತು". ರೋಗ ಬಂದ ಗದ್ದೆಯ ನೆನಪಿಟ್ಟುಕೊಂಡ ರೈತ ಮುಂದಿನ ವರ್ಷ ತಳಿ ಬದಲಾಯಿಸುತ್ತಾನಲ್ಲವೇ? ಇದೂ ಹಾಗೆಯೇ.

ಮೊಬೈಲಿನಲ್ಲಿ ಫೋಟೋ ತೆಗೆದರೆ ಸಾಲದೇ ಎಂದು ಹುಡುಗಿಯರು ಕೇಳುತ್ತಾರೆ. ತೆಗೆಯಿರಿ, ಒಳ್ಳೆಯದು. ಮುಗಿದ ಕೌದಿಯ ಫೋಟೋ ಇದ್ದರೆ ಗಿರಾಕಿಗೆ ತೋರಿಸಲು ಅನುಕೂಲ. ಆದರೆ ಫೋನು ಕೆಟ್ಟರೆ ಫೋಟೋ ಹೋಗುತ್ತದೆ. ಇನ್ನೊಂದು, ಫೋಟೋ ತೆಗೆಯುವುದಕ್ಕೆ ಕಣ್ಣು ಒಂದು ಗಳಿಗೆ ನೋಡಿದರೆ ಸಾಕು. ಬರೆಯುವುದಕ್ಕೆ ಕಾಲು ಗಂಟೆ ನೋಡಬೇಕು. ಹಾಗೆ ನೋಡಿದ್ದು ಕೈಗೆ ಇಳಿಯುತ್ತದೆ.

ಪುಸ್ತಕಕ್ಕೆ ದಾಸರಾಗುವುದೂ ಬೇಡ. ಹೊಲಿಯುತ್ತ ಕೂತಾಗ ಕೈ ಬೇರೆ ದಾರಿ ಹಿಡಿದರೆ ಹಿಡಿಯಲಿ, ಒಂದು ತುಂಡು ಸಾಲದೆ ಬೇರೆ ಬಣ್ಣ ಬಂದರೆ ಬರಲಿ. ಎಷ್ಟೋ ಸಲ ಅದೇ ಕೌದಿಗೆ ಕಳೆ. ಮುಗಿದ ಮೇಲೆ, ಬರೆದದ್ದೇನು, ಆದದ್ದೇನು ಎಂದು ಪುಸ್ತಕದಲ್ಲಿ ಗುರುತು ಹಾಕಿ. ಅಷ್ಟು ಸಾಕು.

ಸಂಘಗಳಿಗೆ ಒಂದು ಸೂಚನೆ. ಉಳಿತಾಯದ ಸಭೆ ನಡೆಯುವ ದಿನ ಎಲ್ಲರೂ ತಮ್ಮ ತಮ್ಮ ಪುಸ್ತಕ ತನ್ನಿ. ಊರಿನ ಹಿರಿಯ ಹೆಂಗಸರನ್ನು ಕರೆಯಿರಿ. ಅವರು ಹಳೆಯ ಕೌದಿ ಬಿಚ್ಚಿ ಹರಡಲಿ, ಯಾವ ತುಂಡು ಯಾರ ಬಟ್ಟೆ, ಯಾಕೆ ಹಾಗಿಟ್ಟೆ ಎಂದು ಹೇಳಲಿ, ನೀವು ಬರೆದುಕೊಳ್ಳಿ. ಕಲಿಸಿದವರ ಹೆಸರನ್ನು ಆ ಹಾಳೆಯ ಮೇಲೆ ತಪ್ಪದೆ ಬರೆಯಿರಿ. ಒಬ್ಬರ ಚಿತ್ತಾರವನ್ನು ಇನ್ನೊಬ್ಬರು ಹೊಲಿದು ಮಾರುವುದಾದರೆ ಮೊದಲು ಕೇಳಿ ಒಪ್ಪಿಗೆ ಪಡೆಯಿರಿ. ಇಷ್ಟು ಕಟ್ಟಳೆ ಇದ್ದರೆ ಸಂಘದಲ್ಲಿ ಮನಸ್ತಾಪಕ್ಕೆ ಎಡೆಯಿಲ್ಲ.

ಹಾಗಾದರೆ ಈ ವಾರ ಮಾಡಬೇಕಾದ ಕೆಲಸ ಇಷ್ಟು. ಒಂದು ಪುಸ್ತಕ ಹೊಂದಿಸಿಕೊಳ್ಳಿ. ಮೊದಲ ಹಾಳೆಯಲ್ಲಿ ನಿಮ್ಮ ಮನೆಯಲ್ಲಿರುವ ಅತಿ ಹಳೆಯ ಕೌದಿಯ ಚಿತ್ರ ಬರೆದು ಅದರ ಅಳತೆ, ಹೊಲಿದವರ ಹೆಸರು ಬರೆಯಿರಿ. ಎರಡನೆಯ ಹಾಳೆಯಲ್ಲಿ ಹೊಲದಲ್ಲಿ ಕಂಡ ಒಂದು ರೂಪ. ಮೂರನೆಯದರಲ್ಲಿ ಆ ರೂಪವನ್ನು ನಾಲ್ಕು ಬಗೆಯಲ್ಲಿ ತಿರುಗಿಸಿ. ನಾಲ್ಕನೆಯದರಲ್ಲಿ ಗಂಟಿನ ಬಟ್ಟೆ ಚೂರು ಅಂಟಿಸಿ. ಆಮೇಲೆ ಒಮ್ಮೆಗೇ ದೊಡ್ಡ ಕೌದಿಗೆ ಕೈಹಾಕದೆ, ಒಂದು ಅಡಿಯ ಚೌಕ ಹೊಲಿದು ನೋಡಿ. ಅದು ದಿಂಬಿಗಾಯಿತು, ತೊಟ್ಟಿಲಿಗಾಯಿತು, ಏನೂ ಇಲ್ಲವೆಂದರೆ ಬಿಸಿ ಪಾತ್ರೆ ಇಳಿಸುವುದಕ್ಕಾಯಿತು.

ಬಿತ್ತನೆಯ ಬೀಜವನ್ನು ಮಡಕೆಯಲ್ಲಿ ಕಟ್ಟಿಟ್ಟು ಕಾಪಾಡಿದವರು ನಮ್ಮ ಹೆಣ್ಣುಮಕ್ಕಳು. ಚಿತ್ತಾರದ ಬೀಜವನ್ನೂ ಹಾಗೆಯೇ ಕಾಪಾಡಿ. ಮುಂದೆ ಯಾರಾದರೂ ಬಿತ್ತಿಯಾರು.